ಮಾಧುರ್ಯದ ಪ್ರಮಾಣ

‘ಪ್ರಮಾಣ’ವೆಂಬ ಶಬ್ದಕ್ಕೆ ಅಳತೆಯೆಂದೂ ಅರ್ಥವುಂಟು, ಯಥಾರ್ಥಜ್ಞಾನಕ್ಕೆ ಸಾಧನವೆಂದೂ ಅರ್ಥವುಂಟು. ಇವೆರಡೂ ಒಂದೇ ಪಾತ್ರೆಯಲ್ಲಿ ಕೂಡಿಬರುವ ಸಂದರ್ಭಗಳು ವಿರಳ. ಇಂಗ್ಲೆಂಡಿನ ಗೃಹಸ್ಥರು ಮನೆಯಲ್ಲಿ ಸಿದ್ಧಪಡಿಸುವ ಜಿಂಜರ್ ಬಿಯರ್ ಎಂಬ ಶುಂಠಿಯ ಪಾನೀಯವು ಅಂಥದೊಂದು.

ಕನ್ನಡನಾಡಿನ ರಾಮನವಮಿಯ ಪಾನಕದಲ್ಲಿಯೂ ಶುಂಠಿಯುಂಟು, ಬೆಲ್ಲವುಂಟು. ಆದರೆ ಅದನ್ನು ಕದಡಿದ ದಿನವೇ ಕುಡಿದು ಮುಗಿಸುವುದರಿಂದ, ಮಾಡಿದವರ ನಾಲಗೆಯು ಮೆಚ್ಚಿದ ಸಿಹಿಯೇ ಅತಿಥಿಗೂ ದೊರೆಯುವುದು. ಜಿಂಜರ್ ಬಿಯರಾದರೋ ವೈದ್ಯರ ಆಸವಾರಿಷ್ಟಗಳಂತೆ ಸಂಧಾನಗೊಳ್ಳತಕ್ಕುದು. ಶುಂಠಿ, ಸಕ್ಕರೆ, ನಿಂಬೆರಸಗಳ ನೀರಿಗೆ ‘ಜಿಂಜರ್ ಬಿಯರ್ ಗಿಡ’ವೆಂಬ ಬಿಳಿಯ ಗಂಟುಗಳನ್ನು ಹಾಕುವ ವಾಡಿಕೆಯುಂಟು. ಹೆಸರು ಗಿಡವಾದರೂ ಅದು ಗಿಡವಲ್ಲ. ಹ್ಯಾರಿ ಮಾರ್ಷಲ್ ವಾರ್ಡನೆಂಬ ಸಸ್ಯಶಾಸ್ತ್ರಜ್ಞನು (ಸಿಂಹಳದಲ್ಲಿ ಕಾಫಿಯೆಲೆಯ ತುಕ್ಕುರೋಗವನ್ನು ಪರೀಕ್ಷಿಸಿದವನೂ ಈತನೇ) 1892ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಮುಖ್ಯವಾಗಿ ಒಂದು ಯೀಸ್ಟೂ ಒಂದು ಬ್ಯಾಕ್ಟೀರಿಯವೂ ಕೂಡಿ ಬಾಳುವ ಸಹವಾಸವೇ ಅದೆಂದು ತೋರಿಸಿಕೊಟ್ಟನು. ಯೀಸ್ಟು ಉಂಡ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧವು ಇಂಗಾಲಾಮ್ಲವಾಯುವಾಗಿಯೂ ಅರ್ಧವು ಮದ್ಯಸಾರವಾಗಿಯೂ ಪರಿಣಮಿಸುವುದು.

ಹೀಗಿರಲು, ಮೊದಲ ದಿನದ ರುಚಿಯು ಯಾವುದಕ್ಕೆ ಪ್ರಮಾಣ? ಆ ದಿನಕ್ಕೆ ಮಾತ್ರ. ಅತಿಸಿಹಿಯೆಂದು ಸಕ್ಕರೆಯನ್ನು ತಗ್ಗಿಸಿದವನಿಗೆ ವಾರದ ಮೇಲೆ ಹುಳಿನೀರು ದೊರೆತರೆ ನಾಲಗೆಯು ಸುಳ್ಳು ಹೇಳಿತೆನ್ನಲಾಗದು. ಅನುಮಾನದ ಕೆಲಸವನ್ನು ಪ್ರತ್ಯಕ್ಷಕ್ಕೆ ಒಪ್ಪಿಸಿದ್ದೇ ತಪ್ಪು. ಇದು ಸಣ್ಣ ನಷ್ಟ. ಹುಳಿಯಾಯಿತೆಂದು ಮತ್ತಷ್ಟು ಸಕ್ಕರೆ ಸುರಿದು ಬಿರಡೆ ಬಿಗಿಯುವವನ ಕಾರ್ಯವು ಹಾಗಲ್ಲ. ಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಹುದುಗಿದರೆ ಬೇಕಾದಷ್ಟು ನೊರೆಬುಗ್ಗೆಗಳಾಗುವುವು. ನಾಲಗೆಯ ತೃಪ್ತಿಗಾಗಿ 100 ಗ್ರಾಂ ಹಾಕುವವರುಂಟು. ಮುಚ್ಚಿದ ಸೀಸೆಯಲ್ಲಿ ಯೀಸ್ಟು ಜೀವಿಸಿರುವವರೆಗೆ, ಸಿಹಿಯೆಂದು ತೋರುವುದೇ ಸೀಸೆಯನ್ನು ಒಡೆಯುವ ಬಲವೂ ಆಗಿರುತ್ತದೆ. ಸಿಹಿ ಬಯಸಿದವನು ಒಬ್ಬ. ಗಾಜು ಸಿಡಿದಾಗ ಎದುರಿಗಿರುವವನು ಮತ್ತೊಬ್ಬನಿರಬಹುದು. ಮಾಧುರ್ಯವನ್ನಲ್ಲದೆ ಕೇಡನ್ನು ಬಯಸಲಿಲ್ಲವೆಂಬ ಸಮಾಧಾನವು ಇಲ್ಲಿ ಸಾಲದು. ಹೊಗೆಯಿಂದ ಬೆಂಕಿಯನ್ನು ಊಹಿಸಬಲ್ಲವನು ಇದನ್ನೂ ಊಹಿಸಬಲ್ಲನಷ್ಟೆ!

ಪರಿಹಾರಗಳು ಇಲ್ಲದಿಲ್ಲ. ಶೈತ್ಯದಲ್ಲಿಟ್ಟರೆ ಯೀಸ್ಟು ಮಂದವಾಗುವುದು, ಸಾಯುವುದಿಲ್ಲ. ನೆರೆಮನೆಗೆ ಕೊಟ್ಟ ಸೀಸೆಯನ್ನು ಅವರು ಬೆಚ್ಚನೆಯ ಕಪಾಟಿನಲ್ಲಿಟ್ಟರೆ ಆ ಕಟ್ಟು ಅಲ್ಲಿಗೇ ಸಡಿಲಿತು. ಹಾಲಿನ ಸಕ್ಕರೆಯನ್ನು ಸಾಮಾನ್ಯ ಯೀಸ್ಟು ಉಣ್ಣಲಾರದು. ಆದರೆ ಅದರ ಸಿಹಿ ಅಲ್ಪ, ಕೆಲವರಿಗೆ ಅದು ಜೀರ್ಣವಾಗದು. ಸಕ್ಕರೆಯೆಲ್ಲವೂ ತೀರುವವರೆಗೆ ಹುದುಗಿಸಿ, ನೊರೆಗೆ ಬೇಕಾದಷ್ಟನ್ನೇ ಅಳೆದು ಹಾಕಿ ಸೀಸೆಗೆ ತುಂಬಿ, ಕುಡಿಯುವ ಹೊತ್ತಿನಲ್ಲಿ ಅವರವರ ಲೋಟಕ್ಕೆ ಸಕ್ಕರೆಪಾಕ ಬೆರಸಿಕೊಡುವುದೇ ಮೇಲಾದ ಕ್ರಮ. ಸೀಸೆಗೂ ಭಯವಿಲ್ಲ, ಒಬ್ಬರ ರುಚಿಗೆ ಮತ್ತೊಬ್ಬರು ಅಧೀನರಾಗಬೇಕಾಗಿಯೂ ಇಲ್ಲ.

ಆದರೂ ಈ ಕ್ರಮಕ್ಕೆ ಬೇರೊಂದು ತೊಡಕುಂಟು. ಸಿಹಿ ಇಳಿದಷ್ಟೂ ಮದ್ಯಸಾರವು ಏರಿದೆಯೆಂದು ತಿಳಿಯಬೇಕು. 100 ಗ್ರಾಂ ಪೂರ್ತಿ ಹುದುಗಿದರೆ ನೂರಕ್ಕೆ ಸುಮಾರು ಆರು ಭಾಗದವರೆಗೆ ಏರೀತು. ಬರಿಯ ಪಾನೀಯದ ಒಗರು ಅದನ್ನು ಸೂಚಿಸುತ್ತಿತ್ತು. ಮೇಲೆ ಪಾಕ ಬೆರಸಿದರೆ ಆ ಲಿಂಗವೇ ಅಳಿಸಿಹೋಗಿ, ಮಕ್ಕಳ ಶರಬತ್ತೆಂಬ ಭ್ರಾಂತಿ ಹುಟ್ಟುವುದು. ಮದ್ಯವರ್ಜನೆಯ ವ್ರತವುಳ್ಳವನು ಆ ಭ್ರಾಂತಿಯಿಂದ ಕುಡಿದರೆ ವ್ರತಭಂಗದ ಹೊಣೆಯು ಕುಡಿದವನದಲ್ಲ. ಆದುದರಿಂದ ಪಾಕದ ಚಮಚೆಯನ್ನು ಎತ್ತುವ ಮುನ್ನ ಇದರಲ್ಲಿ ಮದ್ಯಸಾರವಿದೆಯೆಂದು ಬಾಯಿಬಿಟ್ಟು ಹೇಳತಕ್ಕುದು. ಬೇಡವೆಂದವರಿಗೆ ಶುಂಠಿ ಜಜ್ಜಿ ಹಾಕಿದ ನಿಂಬೆಯ ನೀರನ್ನು ಆ ಕ್ಷಣವೇ ಕದಡಿ ಕೊಡಬಹುದು.