ಧೈರ್ಯವೂ ವಿವೇಕವೂ

ಅಪಾಯಕ್ಕೆ ಅಂಜದಿರುವುದನ್ನು ಲೋಕವು ಧೈರ್ಯವೆಂದು ಕರೆಯುತ್ತದೆ. ಅಪಾಯವನ್ನು ಅರಿತು ಹಿಂದಿರುಗುವವನನ್ನು ಏನೆಂದು ಕರೆಯಬೇಕು? ಎಂಜಿನ್ನಿಲ್ಲದ ರೆಕ್ಕೆಯನ್ನು ನಂಬಿ ಬೆಟ್ಟದಿಂದ ಹಾರುವವರ ಸಾಹಸವು ಈ ಪ್ರಶ್ನೆಯನ್ನು ನಿಚ್ಚಳವಾಗಿ ಮುಂದಿಡುತ್ತದೆ.

ಇಂಥ ಹಾರಾಟಕ್ಕೆ ಆಧಾರ ಮೇಲೇರುವ ಗಾಳಿ. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯಲ್ಲಿ ಸುತ್ತುತ್ತ ಹಾರುವವನು ಎತ್ತರವನ್ನು ಗಳಿಸುತ್ತಾನೆ. ಅದೇ ಗಾಳಿ ತೇವವನ್ನು ಹೊತ್ತು ಮೇಲೇರಿ ತಣಿದಾಗ ಮೋಡವಾಗುತ್ತದೆ. ಆವಿಯು ಹನಿಯಾಗುವಾಗ ಹೊರಬೀಳುವ ಶಾಖವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ದೂಡಿ ಗುಡುಗುಮೋಡವನ್ನು ಬೆಳೆಸುತ್ತದೆ. ಎತ್ತುವ ಶಕ್ತಿಯೂ ಎಳೆದೊಯ್ಯುವ ಶಕ್ತಿಯೂ ಒಂದೇ.

2007ರ ಫೆಬ್ರವರಿ 14ರಂದು ಆಸ್ಟ್ರೇಲಿಯದ ಮನಿಲಾ ಎಂಬ ಊರಿನ ಬಳಿ, ವಿಶ್ವಸ್ಪರ್ಧೆಗೆ ಸಿದ್ಧತೆ ನಡೆಸುತ್ತಿದ್ದ ಇಬ್ಬರು ಪ್ಯಾರಾಗ್ಲೈಡಿಂಗ್ ಪಟುಗಳನ್ನು ಗುಡುಗುಮೋಡವು ಒಳಗೆಳೆದುಕೊಂಡಿತು. ಜರ್ಮನಿಯ ಪರವಾಗಿ ಹಾರುತ್ತಿದ್ದ ಈವಾ ವಿಸ್ನಿಯೆರ್ಸ್ಕಾ ಅವರನ್ನು ಅದು 9,946 ಮೀಟರ್ ಎತ್ತರಕ್ಕೆ, ಎಂದರೆ ಎವರೆಸ್ಟ್ ಶಿಖರಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಒಯ್ದಿತು. ಪ್ರಾಣವಾಯು ಸಾಲದೆ ಅವರು ಅರ್ಧ ಗಂಟೆಗೂ ಹೆಚ್ಚು ಕಾಲ ಪ್ರಜ್ಞೆ ತಪ್ಪಿದ್ದರು. ಮೈಮೇಲೆ ಹಿಮ ಕಟ್ಟಿತು. ಆದರೂ ಬದುಕಿ ನೆಲಕ್ಕಿಳಿದರು. ಚೀನದ ಹೆ ಝೊಂಗ್‌ಪಿನ್ ಅದೇ ಬಿರುಗಾಳಿಯಲ್ಲಿ ಮಡಿದರು.

ಬದುಕಿದವರ ನಿರ್ಧಾರ ಸರಿ, ಮಡಿದವರದು ತಪ್ಪು ಎನ್ನೋಣವೇ? ಪ್ರಜ್ಞೆಯಿಲ್ಲದವರು ಏನನ್ನು ತಾನೇ ನಿರ್ಧರಿಸಿಯಾರು? ಫಲವನ್ನು ನೋಡಿ ಕರ್ಮವನ್ನು ಅಳೆಯುವುದು ನ್ಯಾಯವಲ್ಲ. ಅಳೆಯಬೇಕಾದದ್ದು ಮೋಡದ ಹೊರಗೆ ಆಯ್ಕೆಯಿನ್ನೂ ಕೈಯಲ್ಲಿದ್ದ ಗಳಿಗೆಯನ್ನು. ಆ ಗಳಿಗೆಯ ಸ್ವಭಾವವೇ ವಿಚಿತ್ರವಾದುದು. ಹಿಂದಿರುಗುವುದು ಸುಲಭವಾಗಿರುವಾಗ ಅಪಾಯ ದೂರವೆನಿಸುತ್ತದೆ. ಅಪಾಯ ಖಚಿತವಾದಾಗ ದಾರಿ ಮುಚ್ಚಿರುತ್ತದೆ. ಕೋಪ, ಸಾಲ, ಕುಡಿತಗಳ ನಡೆಯೂ ಹೀಗೆಯೇ.

ಹಾಗೆಂದು ಹಾರಲೇಬಾರದೆನ್ನುವುದು ವಿವೇಕವಲ್ಲ. ಬಾವಿ ತೋಡುವವನೂ ಕಡಲಿಗಿಳಿಯುವ ಬೆಸ್ತನೂ ಅಪಾಯವನ್ನು ಬಲ್ಲರು, ಕಾಯಕವನ್ನು ಬಿಡರು. ಆದರೆ ಗಾಳಿಯ ಮುನಿಸನ್ನು ಕಂಡು ದಡಕ್ಕೆ ಮರಳಿದ ಬೆಸ್ತನನ್ನು ಯಾರೂ ಹೇಡಿಯೆನ್ನರು. ಶರಣಧರ್ಮವು ದೇಹವನ್ನು ಪ್ರಸಾದಕಾಯವೆಂದು ಭಾವಿಸುತ್ತದೆ. ಪ್ರಸಾದವನ್ನು ಚೆಲ್ಲುವ ಅಧಿಕಾರ ಯಾರಿಗೂ ಇಲ್ಲ. ಬಚ್ಚಿಟ್ಟು ಕೊಳೆಸುವುದೂ ಸಲ್ಲದು.

ಅರಿವು ಆಚಾರವಾಗದಿದ್ದರೆ ವ್ಯರ್ಥ. ಕಪ್ಪಾಗುವ ಮೋಡವನ್ನು ಕಾಣುವುದು ಅರಿವು. ಗೆಲುವು ಕೈಗೆಟಕುವಂತಿರುವಾಗಲೇ ರೆಕ್ಕೆಯನ್ನು ತಿರುಗಿಸುವುದು ಆಚಾರ. ಅದಕ್ಕೆ ಬೇಕಾದ ಧೈರ್ಯವನ್ನು ಯಾರೂ ಹೊಗಳುವುದಿಲ್ಲ. ಏಕೆಂದರೆ ಸಂಭವಿಸದ ಅಪಘಾತವನ್ನು ಯಾರೂ ಕಾಣರು. ಹೊಗಳಿಕೆಯಿಲ್ಲದೆಯೂ ಸರಿಯಾದುದನ್ನು ಮಾಡಬಲ್ಲ ಮನಸ್ಸನ್ನು ಸಾಧಕನು ಬೆಳೆಸಿಕೊಳ್ಳಬೇಕು.