ಹೇಳಬೇಕೇ, ಬೇಡವೇ?

ಕ್ಯಾನ್ಸರ್ ಎಂದು ರೋಗಿಗೆ ಹೇಳಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆಯುವುದು ರೋಗಿ ಮಲಗಿದ ಮೇಲೆಯೇ. ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದಾಗ ನಮ್ಮೂರಿನ ವೈದ್ಯರು ಮೊದಲು ಭಾವನನ್ನು ಒಳಗೆ ಕರೆದರು, ಆಮೇಲೆ ಮಗನನ್ನು. ಅವಳಿಗೆ, "ಸಣ್ಣ ಗಂಟು, ತೆಗೆಸಿದರಾಯಿತು" ಎಂದಷ್ಟೇ. ಹೇಳಿಬಿಡೋಣವೆಂಬ ನನ್ನ ಮಾತು ನಡೆಯಲಿಲ್ಲ.

ಆ ಸುಳ್ಳಿನಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಲಾರೆ. ಆದರೆ ಗುಟ್ಟು ಉಳಿಯುವುದೆಲ್ಲಿ? 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರು ನಮ್ಮ ಕಡೆ ರೋಗದ ಹೆಸರೇ ಆಗಿಬಿಟ್ಟಿದೆ. 'ಕರೆಂಟು ಕೊಡುವುದು' ಯಾವುದಕ್ಕೆಂದು ಸರದಿಯಲ್ಲಿ ಕುಳಿತ ಹೆಂಗಸರೆಲ್ಲ ಬಲ್ಲರು. ಅಕ್ಕನೂ ಬಲ್ಲಳು. ಗಂಡ ಮಕ್ಕಳು ಕುಗ್ಗಿಹೋದಾರೆಂದು ಏನೂ ತಿಳಿಯದವಳಂತೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹೀಗೆ ಯಾರು ಯಾರನ್ನು ಕಾಪಾಡಿದಂತಾಯಿತು? ರಾತ್ರಿಯ ಹೆದರಿಕೆಯಂತೂ ಅವಳೊಬ್ಬಳ ಪಾಲಿಗೇ ಉಳಿಯಿತು.

ಕೆಲವರಿಗೆ ತಿಳಿಯುವುದು ಬೇಡವಿರಬಹುದು. ಅದನ್ನು ಅವರೇ ಹೇಳಲಿ. "ನಿನಗೆ ಎಷ್ಟು ತಿಳಿಯಬೇಕು?" ಎಂದು ಕೇಳುವ ಸೌಜನ್ಯವಾದರೂ ಬೇಡವೇ? ಕೂದಲುದುರುವುದು ಅವಳದು, ವಾಂತಿ ಅವಳದು. ಮುಂದಿನ ಕೀಮೋ ಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಗಂಡಸರದು. (ಖರ್ಚು ಅವರದು ತಾನೇ ಎನ್ನುವವರೂ ಇದ್ದಾರೆ!)

ಮೂರನೆಯ ಕೀಮೋ ಆದ ವಾರ ಅಕ್ಕ ಬೀರುವಿನಿಂದ ಫೈಲು ತಂದು ನನ್ನ ಮಡಿಲಿಗೆ ಹಾಕಿದಳು. "ಇಂಗ್ಲಿಷ್ ನಿನಗೆ ಬರುತ್ತಲ್ಲ, ಕನ್ನಡದಲ್ಲಿ ಹೇಳೇ." ಒಂದೊಂದೇ ಹಾಳೆ ಓದಿ ಹೇಳಿದೆ. ಅವಳು ಅಳಲಿಲ್ಲ. ವೈಶಾಖಕ್ಕೆಂದುಕೊಂಡಿದ್ದ ಮಗಳ ಮದುವೆಯನ್ನು ಮಾಘದಲ್ಲೇ ಮಾಡಬಹುದೇ ನೋಡೋಣ, ಪಂಚಾಂಗ ತೆಗೆ ಎಂದಳು.