ದಿನದ ಧಮ್ಮ ಚಿಂತನ: ನಮ್ಮ ಹೆಸರಿನಲ್ಲಿ ಮಾತಾಡುವ ಯಂತ್ರ





ಕಳೆದ ಭಾನುವಾರ ಗಾಜಿಪುರದ ನಮ್ಮ ಕೂಟದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಇಟ್ಟರು. ಅವರು ಏಳೆಂಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾರೆ. ಬೆಂಗಳೂರು, ಪುಣೆಯಿಂದಲೂ ಗಿರಾಕಿಗಳು ವಾಟ್ಸಾಪ್‌ನಲ್ಲಿ ವಿಚಾರಿಸುತ್ತಾರೆ. ಒಂದು ಏಜೆನ್ಸಿಯವರು ಬಂದು, ಗಿರಾಕಿಗಳಿಗೆ ಹಗಲು ರಾತ್ರಿ ತಾನೇ ಉತ್ತರ ಕೊಡುವ ಚಾಟ್‌ಬಾಟ್ ಮಾಡಿಕೊಡುತ್ತೇವೆ ಎಂದಿದ್ದಾರೆ. ಮೊದಲಿಗೆ ಇಷ್ಟು, ಆಮೇಲೆ ತಿಂಗಳಿಗೆ ಇಷ್ಟು ಎಂದು ಲೆಕ್ಕವನ್ನೂ ಹೇಳಿದ್ದಾರೆ.

"ಇದನ್ನ ಮಾಡ್ಸಬೇಕೋ ಬ್ಯಾಡೋ ಹೇಳ್ರಿ ಸರ್. ಧಮ್ಮದಾಗ ಇದಕ್ಕೇನರ ದಾರಿ ಅದ ಏನ್ರಿ?" ಎಂದು ಕೇಳಿದರು.

ಕೆಲವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ದುಡಿದು ಉಣ್ಣುವವರಿಗೆ ಇದು ಸಮ್ಮಾ ಆಜೀವದ ಪ್ರಶ್ನೆ. ನಮ್ಮ ಪರವಾಗಿ ಇನ್ನೊಂದು ಬಾಯಿ ಮಾತಾಡುವಾಗ ಅದು ಸಮ್ಮಾ ವಾಚಾದ ಪ್ರಶ್ನೆಯೂ ಹೌದು.

ಇದಕ್ಕೆ ಒಂದು ಪಾಠ ನಮ್ಮ ಜಿಲ್ಲೆಯ ಕಲ್ಲಿನಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲೇ ಸಾಮ್ರಾಟ ಅಶೋಕನ ಶಾಸನ ಎಂದು ಗೊತ್ತಾಯಿತು. ಅದರ ಮೇಲೆ 12ನೆಯ ಮತ್ತು 14ನೆಯ ಶಾಸನಗಳೂ, ಅಧಿಕಾರಿಗಳಿಗೆ ಕೊಟ್ಟ ಎರಡು ಪ್ರತ್ಯೇಕ ಶಾಸನಗಳೂ ಇವೆ. 12ನೆಯದು ಮಾತಿನ ಸಂಯಮವನ್ನು ಹೇಳುತ್ತದೆ: ನಮ್ಮದನ್ನು ಹೊಗಳಲು ಹೋಗಿ ಇನ್ನೊಬ್ಬರದನ್ನು ಹಳಿಯಬಾರದು. 14ನೆಯದರಲ್ಲಿ ಅಶೋಕ ಹೇಳುವ ಮಾತಿನ ಸಾರ ಇದು: ನನ್ನ ಶಾಸನಗಳು ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಯಲ್ಪಟ್ಟಿವೆ, ಎಲ್ಲಾದರೂ ಅಪೂರ್ಣವಾಗಿದ್ದರೆ ಅದರಲ್ಲಿ ಲಿಪಿಕಾರನ ತಪ್ಪೂ ಇರಬಹುದು.

ಇಲ್ಲಿ ಸ್ವಲ್ಪ ನಿಲ್ಲಿರಿ. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಅಶೋಕ ತಾನೇ ಹೋಗಿ ಮಾತಾಡಲು ಆಗುತ್ತಿರಲಿಲ್ಲ. ಅವನು ಲಿಪಿಕಾರರನ್ನು ಇಟ್ಟುಕೊಂಡ. ಅದು ತಪ್ಪಲ್ಲ. ಆದರೆ ಬರೆಯುವವನು ತಪ್ಪಬಹುದು ಎಂಬ ಎಚ್ಚರ ಅವನಿಗಿತ್ತು. ಆ ಎಚ್ಚರವನ್ನೂ ಕಲ್ಲಿನ ಮೇಲೆಯೇ ಬರೆಸಿದ. ಕೊರೆದವನು ಯಾರೇ ಇರಲಿ, ಇಂದಿಗೂ ನಾವು ಅದನ್ನು ಅಶೋಕನ ಮಾತು ಎಂದೇ ಕರೆಯುತ್ತೇವೆ.

ಏಜೆನ್ಸಿ ನಮ್ಮ ಲಿಪಿಕಾರ. ಕೆಲಸವನ್ನು ಕೂಲಿಗೆ ಕೊಡಬಹುದು. ಮಾತಿನ ಹೊಣೆಯನ್ನು ಕೊಡಲು ಬರುವುದಿಲ್ಲ.

ಇದು ಧಮ್ಮದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ಕೆನಡಾದಲ್ಲಿ ಏರ್ ಕೆನಡಾ ಎಂಬ ವಿಮಾನ ಕಂಪನಿಯ ಚಾಟ್‌ಬಾಟ್, ಮನೆಯಲ್ಲಿ ಸಾವಾಗಿ ಪ್ರಯಾಣಿಸಬೇಕಾಗಿದ್ದ ಒಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ಒಪ್ಪದೆ ಪರಿಹಾರ ಕೊಡಿಸಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಗಿರಾಕಿಯ ಮಾಹಿತಿಯನ್ನು ಬೇರೆಯವರ ಕೈಯಲ್ಲಿ ಕೊಟ್ಟರೂ ಹೊಣೆ ಕೊಟ್ಟವರದೇ ಎನ್ನುತ್ತದೆ.

ಈಗ ಆ ಉಪಾಸಿಕೆ ತಂದಿದ್ದ ಕಾಗದಕ್ಕೆ ಬರೋಣ. ಅದರಲ್ಲಿ ಏಜೆನ್ಸಿಯವರು ಮಾದರಿ ಪ್ರಶ್ನೋತ್ತರ ಬರೆದುಕೊಟ್ಟಿದ್ದರು. "ರೊಟ್ಟಿ ಯಾರು ಮಾಡುತ್ತಾರೆ?" ಎಂಬ ಪ್ರಶ್ನೆಗೆ ಉತ್ತರ: "ಮಡಿಯಿಂದ, ಸಂಪ್ರದಾಯಸ್ಥ ಮನೆತನದವರು ಮಾಡಿದ್ದು." ಹೀಗೆ ಹಾಕಿದರೆ ವ್ಯಾಪಾರ ಹೆಚ್ಚುತ್ತದೆ ಎಂದಿದ್ದರಂತೆ. ಅಕ್ಕನವರು ಆ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ನನ್ನ ಎದಿಗೆ ಚುಚ್ಚತದ್ರಿ" ಎಂದರು. ಆಗ ನಕ್ಕವರೂ ಸುಮ್ಮನಾದರು.

ಆ ಸಾಲು ಸುಳ್ಳು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ಅದಕ್ಕಿಂತ ಹೆಚ್ಚಾಗಿ, ಯಾವ ಮಡಿಯ ಹೆಸರಿನಲ್ಲಿ ನಮ್ಮ ಅಜ್ಜ ಅಜ್ಜಿಯರನ್ನು ಬಾವಿಯಿಂದ, ಬಾಗಿಲಿನಿಂದ ದೂರ ಇಟ್ಟರೋ ಅದೇ ಮಡಿಯನ್ನು ನಮ್ಮ ಪಾಕೀಟಿನ ಮೇಲೆ ನಾವೇ ಅಂಟಿಸಿದಂತೆ. ಯಂತ್ರ ಹೇಳಿತು, ನಾನು ಹೇಳಲಿಲ್ಲ ಎಂದರೆ ಮನಸ್ಸು ಒಪ್ಪೀತೇ?

ಹಾಗಾದರೆ ಏನು ಬರೆಯಬೇಕು? ಸುತ್ತನಿಪಾತದ ಸುಂದರಿಕ ಭಾರದ್ವಾಜ ಸುತ್ತವನ್ನು ನೆನೆಯಿರಿ. ಹೋಮ ಮುಗಿಸಿದ ಬ್ರಾಹ್ಮಣ ಉಳಿದ ಪ್ರಸಾದವನ್ನು ಯಾರಿಗೆ ಕೊಡಲಿ ಎಂದು ಹುಡುಕುತ್ತ ಬಂದು ಭಗವಾನರ ಜಾತಿ ಕೇಳಿದ. ಹುಟ್ಟನ್ನು ಕೇಳಬೇಡ, ನಡತೆಯನ್ನು ಕೇಳು ಎಂಬುದು ಭಗವಾನರ ಉತ್ತರದ ತಿರುಳು. ನಮ್ಮ ರೊಟ್ಟಿಗೂ ಅದೇ ಉತ್ತರ ಸಾಕು: "ನಮ್ಮ ಮಹಿಳಾ ಗುಂಪಿನ ಕೈಯಿಂದ, ಸ್ವಚ್ಛ ಅಡಿಗೆಮನೆಯಲ್ಲಿ ಮಾಡಿದ್ದು. ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಪಾಕೀಟಿನ ಮೇಲಿದೆ." ಜಾತಿ ಕೇಳಿದವರಿಗೆ ಉತ್ತರಿಸುವ ಬಾಧ್ಯತೆ ನಮಗಿಲ್ಲ. ಮೌನಕ್ಕೆ ಧಮ್ಮದಲ್ಲಿ ಜಾಗವಿದೆ, ಸುಳ್ಳಿಗಿಲ್ಲ.

ಇನ್ನು ನಿರ್ಧಾರ. ನಾವು ಕೂಡಿ ಮಾತಾಡಿದ್ದು ಇಷ್ಟು.

ಮೊದಲನೆಯದು, ಲೆಕ್ಕ. ಒಂದು ವಾರ ಬಂದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ದರ ಎಷ್ಟು, ಎಷ್ಟು ದಿನ ಇರುತ್ತದೆ, ಕೊರಿಯರ್ ಆಗುತ್ತದೆಯೇ ಎಂಬ ಹತ್ತು ಹನ್ನೆರಡು ಪ್ರಶ್ನೆಗಳೇ ತಿರುಗಿ ತಿರುಗಿ ಬಂದರೆ, ವಾಟ್ಸಾಪ್ ಬಿಸಿನೆಸ್ ಆಪ್ ಸಾಕು. ಅದು ಉಚಿತ. ಅದರಲ್ಲಿ ಸ್ವಾಗತ ಸಂದೇಶ, ನಾವಿಲ್ಲದ ಹೊತ್ತಿನ ಸಂದೇಶ, ಸಿದ್ಧ ಉತ್ತರ, ಸರಕಿನ ಪಟ್ಟಿ ಎಲ್ಲವನ್ನೂ ನಾವೇ ಹಾಕಬಹುದು.

ಎರಡನೆಯದು, ಹಣ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದ್ದಾರೆ: ಒಂದು ಜೀವನಕ್ಕೆ, ಎರಡು ಕಸುಬಿಗೆ, ಒಂದು ಆಪತ್ತಿಗೆ. ಏಜೆನ್ಸಿಯ ಹಣ ಕಸುಬಿನ ಪಾಲಿನಿಂದ ಹೊರಟರೆ ಸರಿ. ಆಪತ್ತಿನ ಪಾಲಿಗೆ ಕೈ ಹಾಕುವುದಾದರೆ, ಸಂಘದಿಂದ ಸಾಲ ಎತ್ತುವುದಾದರೆ ಬೇಡ.

ಮೂರನೆಯದು, ಪರೀಕ್ಷೆ. ಕಾಲಾಮರಿಗೆ ಹೇಳಿದಂತೆ, ಹೇಳಿದವರು ತಿಳಿದವರಂತೆ ಕಾಣುತ್ತಾರೆಂದು ನಂಬಬಾರದು. ಬಟನ್ ಒತ್ತುವ ಬಾಟ್ ನಾವು ಬರೆದದ್ದನ್ನಷ್ಟೇ ಹೇಳುತ್ತದೆ. ತಾನೇ ವಾಕ್ಯ ಕಟ್ಟುವ ಎಐ ಬಾಟ್ ಇಲ್ಲದ್ದನ್ನೂ ಕಟ್ಟಿ ಹೇಳಬಲ್ಲದು. "ಕಡಕ್ ರೊಟ್ಟಿ ಎಷ್ಟ್ ದಿನಾ ಇರ್ತಾವ್ರಿ?" ಎಂದು ನಮ್ಮ ಮಾತಿನಲ್ಲೇ ಕೇಳಿ ನೋಡಬೇಕು. ಅದಕ್ಕೆ ಗೊತ್ತಿರಲಾರದ ಪ್ರಶ್ನೆಯನ್ನೂ ಕೇಳಬೇಕು. ಆಗ ಗೊತ್ತಿಲ್ಲ ಎನ್ನುತ್ತದೆಯೋ, ಕಥೆ ಹೇಳುತ್ತದೆಯೋ ತಿಳಿಯುತ್ತದೆ.

ನಾಲ್ಕನೆಯದು, ಕರಾರು. ಫೋನ್ ನಂಬರ್ ಯಾರ ಹೆಸರಿನಲ್ಲಿ ಇರುತ್ತದೆ? ಗಿರಾಕಿಗಳ ಪಟ್ಟಿ ಯಾರ ಹತ್ತಿರ? ಉತ್ತರ ತಿದ್ದಲು ನಮಗೆ ಬರುತ್ತದೆಯೇ, ಪ್ರತಿ ಸಲ ದುಡ್ಡು ಕೊಡಬೇಕೇ? ಬಿಟ್ಟರೆ ನಮ್ಮದು ನಮಗೆ ವಾಪಸ್ ಬರುತ್ತದೆಯೇ? ಗಿರಾಕಿ ಬಯಸಿದಾಗ ಮನುಷ್ಯರೊಂದಿಗೆ ಮಾತಾಡುವ ದಾರಿ ಇದೆಯೇ? ಇವು ಬರಹದಲ್ಲಿ ಇರಬೇಕು.

ಐದನೆಯದು, ಫೋನ್ ಎತ್ತುವ ಹುಡುಗಿ. ಅದೇ ಸುತ್ತದಲ್ಲಿ, ಕೆಲಸದವರಿಗೆ ಶಕ್ತಿಗೆ ತಕ್ಕ ಕೆಲಸ, ಸಂಬಳ, ಸಮಯಕ್ಕೆ ಬಿಡುವು ಕೊಡಬೇಕೆಂದಿದೆ. ಬಾಟ್ ಬಂದು ಅವಳಿಗೆ ರಾತ್ರಿಯ ನಿದ್ದೆ ಸಿಕ್ಕರೆ ಒಳ್ಳೆಯದು. ಅವಳ ಅನ್ನ ಹೋಗುವುದಾದರೆ ಮತ್ತೆ ವಿಚಾರ ಮಾಡಬೇಕು.

ಬಾಬಾಸಾಹೇಬರು 1920ರ ಜನವರಿ 31ರಂದು 'ಮೂಕನಾಯಕ' ಆರಂಭಿಸಿದಾಗ ಸಂಪಾದಕರ ಸ್ಥಾನದಲ್ಲಿ ಪಾಂಡುರಂಗ ಭಟ್ಕರ್ ಇದ್ದರು. ಆದರೆ ಮೊದಲ ಸಂಚಿಕೆಗಳ ಮುಖ್ಯ ಲೇಖನಗಳನ್ನು ಬಾಬಾಸಾಹೇಬರೇ ಬರೆದರು. ಕೆಲಸ ಹಂಚಿದರು, ಮಾತನ್ನು ಬಿಟ್ಟುಕೊಡಲಿಲ್ಲ.

ಇಂದಿನ ಅಭ್ಯಾಸ: ಅಂಗಡಿ, ಕಸುಬು ಇರುವವರು ಗಿರಾಕಿಗಳು ಹೆಚ್ಚಾಗಿ ಕೇಳುವ ಐದು ಪ್ರಶ್ನೆಗಳಿಗೆ ನಿಮ್ಮ ಕೈಯಿಂದಲೇ ಉತ್ತರ ಬರೆಯಿರಿ. ಪ್ರತಿ ಉತ್ತರದ ಮುಂದೆ ಮೂರು ಮಾತು ಕೇಳಿಕೊಳ್ಳಿರಿ: ಇದು ನಿಜವೇ? ಕೇಳಿದವರಿಗೆ ಇದರಿಂದ ಹಿತವೇ? ಎದುರಿಗೆ ನಿಂತು ಹೇಳಲು ನಾನು ಸಿದ್ಧನೇ, ಸಿದ್ಧಳೇ? ಆಮೇಲೆ ಲಿಪಿಕಾರ ಬೇಕೋ ಬೇಡವೋ ನಿರ್ಧರಿಸಿರಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು